ಅಕ್ಕನ ಸರದಿಯ ನೀರು

ಮಧ್ಯಾಹ್ನ ಅತಿಥಿಗಳು ಬರುವವರಿದ್ದರಿಂದ ಅವನು ಅಂದು ಮಾಮೂಲಿಗಿಂತ ಬೇಗ ಸಂಶೋಧನಾ ಸಂಸ್ಥೆಯ ಹೊಲಕ್ಕೆ ಬಂದಿದ್ದ. ಉಳಿದ ದಿನಗಳಲ್ಲಿ ಇಬ್ಬನಿ ಆರಿದ ಮೇಲೆ, ಪ್ಯಾಂಟಿನ ಕಾಲು ಒದ್ದೆಯಾಗದ ಹೊತ್ತಿಗೆ ಬಂದು, ಗೋಧಿಯ ಪಾತಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಎಲೆಗಳಿಗೆ ಅಂಕ ಕೊಡುವುದು ಅವನ ಕೆಲಸ. ನೀರು ಸಿಗದ ಗೋಧಿ ತನ್ನ ಎಲೆಯನ್ನು ಉದ್ದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ನಿನ್ನೆಯ ಬಿಸಿಲಿಗೆ ಸುತ್ತಿಕೊಂಡದ್ದು ಇರುಳಿನ ತಂಪಿಗೂ ಬಿಚ್ಚಿಕೊಳ್ಳದಿದ್ದರೆ ಗಿಡ ಸೋಲುತ್ತಿದೆ ಎಂದರ್ಥ. ಚಪ್ಪಟೆಯಾಗಿದ್ದರೆ ಸೊನ್ನೆ, ಹೊಲಿಗೆಯ ಸೂಜಿಯಷ್ಟು ತೆಳ್ಳಗೆ ಸುತ್ತಿಕೊಂಡಿದ್ದರೆ ಒಂಬತ್ತು. ನಡುವಿನ ಅಂಕಗಳೆಲ್ಲ ನೋಡುವವನ ಕಣ್ಣಿಗೆ ಬಿಟ್ಟದ್ದು. ಅದಕ್ಕೇ ಇಡೀ ಪ್ರಯೋಗಕ್ಕೆ ಒಬ್ಬನೇ ಮನುಷ್ಯ ಅಂಕ ಕೊಡಬೇಕು, ಯಾವ ಪಾತಿಗೆ ಔಷಧ ಸಿಂಪಡಿಸಿದೆ, ಯಾವುದಕ್ಕೆ ಇಲ್ಲ ಎಂಬುದು ಆ ಮನುಷ್ಯನಿಗೆ ಗೊತ್ತಿರಬಾರದು. ಸಿಂಪಡಣೆಯ ದ್ರವಗಳನ್ನು ಅವನೇ ಕಲಸಿ ಕೊಟ್ಟಿದ್ದ ನಿಜ. ಆದರೆ ಯಾವುದು ಯಾವ ಪಾತಿಗೆ ಎಂಬುದನ್ನು ಕೂಲಿಯವರಿಗೆ ತೋರಿಸಿದ್ದು ಪಕ್ಕದ ವಿಭಾಗದವರು, ಅವನನ್ನು ಅಂದು ಹೊಲದ ಹತ್ತಿರವೂ ಬಿಟ್ಟುಕೊಂಡಿರಲಿಲ್ಲ. ಪಾತಿಗಳ ಮೇಲೆ ಬರೀ ಅಕ್ಷರ ಬರೆದ ಬಾವುಟಗಳು. ಮಳೆ ಬಂದರೆ ಎಳೆದು ಮುಚ್ಚಲು ಕಂಬಿಯ ಮೇಲೆ ಓಡಾಡುವ ತಗಡಿನ ಮಾಡು. ಮಳೆ ಬಂದಿರಲಿಲ್ಲ, ಮಾಡು ತುಕ್ಕು ಹಿಡಿಯುತ್ತ ಮೂಲೆಯಲ್ಲಿ ನಿಂತಿತ್ತು.

ಮೂರನೆಯ ಪಾತಿಯ ಮುಂದೆ ಕೂತಾಗ ಅವನಿಗೆ ಏನೋ ಬೇರೆಯಾಗಿ ಕಂಡಿತು. ಇಲ್ಲಿ ಇಬ್ಬನಿ ದುಂಡು ದುಂಡಾಗಿ, ಬೆರಳು ತಾಗಿಸಿದರೆ ಉರುಳಿಹೋಗುವಂತೆ ನಿಂತಿತ್ತು. ಹಿಂದಿನ ಪಾತಿಯಲ್ಲಿ ಹನಿಗಳೇ ಇರಲಿಲ್ಲವಲ್ಲ. ಎದ್ದು ಹೋಗಿ ಮತ್ತೆ ನೋಡಿದ. ಇಬ್ಬನಿ ಅಲ್ಲಿಯೂ ಬಿದ್ದಿತ್ತು, ಆದರೆ ಹನಿಯಾಗಿರದೆ ಎಲೆಯ ಉದ್ದಕ್ಕೂ ಒರೆಸಿದ ಹಾಗೆ ಹರಡಿಕೊಂಡಿತ್ತು. ಮುಂದಿನದರಲ್ಲಿ ಹನಿ. ಅದರ ಮುಂದಿನದರಲ್ಲೂ ಹನಿ. ಆಮೇಲೆ ಎರಡರಲ್ಲಿ ಹರಡಿದ ನೀರು. ಅವನು ಪಾತಿಯಿಂದ ಪಾತಿಗೆ ಅರ್ಧ ಬಗ್ಗಿಕೊಂಡೇ ಓಡಿದ, ಯಾರಾದರೂ ನೋಡಿದ್ದರೆ ಏನನ್ನೋ ಕಳೆದುಕೊಂಡಿದ್ದಾನೆ ಎಂದುಕೊಳ್ಳುತ್ತಿದ್ದರು. ಕೊನೆಯ ಪಾತಿಯ ಹತ್ತಿರ ಬಂದಾಗ ಅವನಿಗೆ ಯಾವ ಯಾವ ಪಾತಿಗೆ ಔಷಧ ಬಿದ್ದಿದೆ ಎಂಬುದು ಒಂದೂ ಬಿಡದೆ ತಿಳಿದಿತ್ತು. ಅಲ್ಲೇ ಬದುವಿನ ಮೇಲೆ, ಒದ್ದೆಯಲ್ಲೇ ಕೂತುಬಿಟ್ಟ.

ಔಷಧಕ್ಕೆ ನಿರ್ದೇಶಕಿ ಮೇಡಂ ಇಟ್ಟ ಹೆಸರು 'ಕಾಪು'. ಗಿಡಗಳು ತಮ್ಮನ್ನು ತಾವು ಕಾಯ್ದುಕೊಳ್ಳಲು ಒಳಗೇ ಮಾಡಿಕೊಳ್ಳುವ ವಸ್ತು ಅದು. ಬೀಟ್‌ರೂಟಿನಲ್ಲಿ ಧಾರಾಳವಾಗಿದೆ, ಉಪ್ಪುನೆಲದ ಕಳೆಗಳಲ್ಲಿದೆ, ಗೋಧಿ ಮಾತ್ರ ಅದನ್ನು ಜಿಪುಣತನದಿಂದ ಚೂರೇ ಚೂರು ಮಾಡಿಕೊಳ್ಳುತ್ತದೆ. ಗಿಡದ ಒಳಗಿನ ನೀರು ಕಡಿಮೆಯಾದಾಗ ಇದು ಇದ್ದಷ್ಟು ನೀರನ್ನು ಹಿಡಿದಿಟ್ಟುಕೊಂಡು ಜೀವಕೋಶಗಳು ಮುದುಡದಂತೆ ನೋಡಿಕೊಳ್ಳುತ್ತದೆ. ಹೊರಗಿನಿಂದ ಎಲೆಗೆ ಸಿಂಪಡಿಸಿದರೂ ಆಗುತ್ತದೆಯೇ ಎಂಬುದೇ ಪ್ರಯೋಗ. ಗೋಧಿಯ ಎಲೆಗೆ ಮೇಣದ ಹೊದಿಕೆ ಇರುವುದರಿಂದ ಸಿಂಪಡಿಸಿದ್ದೆಲ್ಲ ಜಾರಿ ನೆಲಕ್ಕೆ ಬೀಳುತ್ತದೆ. ಅದಕ್ಕೆ ಕಾಪಿನ ಜೊತೆ ಸೋಪಿನಂಥ ಅಂಟು ಬೆರೆಸಬೇಕು. ಅವನು ಬೆರೆಸಿದ್ದ. ಹೊಲದಲ್ಲಿ ರಗಳೆ ಬೇಡವೆಂದು ಪ್ರಯೋಗಶಾಲೆಯಲ್ಲಿಯೇ, ಕಾಪಿನ ಡಬ್ಬಿಗೇ ಅಂಟನ್ನು ಸುರಿದು ಕಲಸಿಟ್ಟಿದ್ದ. ಉಳಿದರ್ಧ ಪಾತಿಗಳಿಗೂ ಅದೇ ಅಂಟು, ಅಷ್ಟೇ ಅಂಟು, ಕಾಪು ಮಾತ್ರ ಇಲ್ಲದೆ ಸಿಂಪಡಿಸಬೇಕಿತ್ತು, ಎರಡಕ್ಕೂ ನಡುವೆ ಕಾಪಿನದೊಂದೇ ವ್ಯತ್ಯಾಸ ಉಳಿಯುವಂತೆ. ಓದುವ ಹುಡುಗರಿಗೆ ಇದನ್ನು ಮೊದಲ ತಿಂಗಳೇ ಹೇಳಿಕೊಡುತ್ತಾರೆ, ಅವನೇ ಹೇಳಿಕೊಟ್ಟಿದ್ದಾನೆ. ಅಂದು ಕೂಲಿಯವರು ಖಾಲಿ ಕ್ಯಾನು ಹಿಡಿದು ಪ್ರಯೋಗಶಾಲೆಯ ಬಾಗಿಲಿಗೆ ಬಂದು "ಇದಕ್ಕೇನ್ ಹಾಕೋದು ಸಾರ್?" ಎಂದು ಕೇಳಿದಾಗ ಅವನು ಬೇರೆ ಯಾವುದೋ ಯೋಚನೆಯಲ್ಲಿ, ತಲೆಯೆತ್ತದೆ, "ಅದಕ್ಕೆ ಬರೀ ನೀರು" ಎಂದಿದ್ದ. ಆ ದನಿ, ಅದರ ಉದಾಸೀನ, ಹೊರಗಿನ ನಲ್ಲಿ ತಿರುಗಿಸಿದ ಸದ್ದು, ಕ್ಯಾನು ತುಂಬುತ್ತ ಬಂದಂತೆ ಸದ್ದು ಸಣ್ಣದಾದದ್ದು, ಎಲ್ಲ ಈಗ ಕಿವಿಯಲ್ಲೇ ಆದಂತಿತ್ತು. ಬರೀ ನೀರು.

ಹಾಗಾದರೆ ಔಷಧದ ಎಲೆಗಳು ಬೆಳಿಗ್ಗೆ ಚಪ್ಪಟೆಯಾಗಿ ಕಂಡದ್ದು ಕಾಪಿನಿಂದಲೋ, ಅಂಟಿನಿಂದಲೋ? ಅಂಟು ಮೇಣವನ್ನು ತೊಳೆದು, ಇಬ್ಬನಿ ಹರಡಿ, ಎಲೆ ಒದ್ದೆಯಾಗಿ ತಾನಾಗಿ ಬಿಚ್ಚಿಕೊಂಡಿರಬಹುದು. ಗಿಡದ ಒಳಗೆ ನೀರಡಿಕೆ ಹಾಗೇ ಇದ್ದು ಹೊರಗಿನಿಂದ ಮಾತ್ರ ಚೆಂದ ಕಂಡಿರಬಹುದು. ಕಾಪು ನಿಜವಾಗಿಯೂ ಕೆಲಸ ಮಾಡಿರಲೂಬಹುದು. ಎಲೆಯ ಒಳಗಿನ ನೀರು ಅಳೆಯುವ ಯಂತ್ರ ರಿಪೇರಿಗೆಂದು ಹೋದದ್ದು ವಾಪಸ್ಸೇ ಬಂದಿರಲಿಲ್ಲ, ತೆನೆ ಒಣಗಿ ಕಾಳು ತೂಗುವ ಹೊತ್ತು ಇನ್ನೂ ದೂರ. ಇಲ್ಲಿಯವರೆಗೆ ಇದ್ದದ್ದು ಅವನ ಕಣ್ಣೊಂದೇ. ಇನ್ನೂ ಕೆಟ್ಟ ಯೋಚನೆಯೊಂದು ನಿಧಾನವಾಗಿ ಮೇಲೆ ಬಂತು. ಇಬ್ಬನಿ ಆರಿದ ಮೇಲೂ ಆ ಎಲೆಗಳಿಗೆ ಒಂದು ಸಣ್ಣ ಹೊಳಪು ಇರುತ್ತಿತ್ತಲ್ಲವೇ? ಓರೆಬಿಸಿಲಿನಲ್ಲಿ ನೋಡಿದರೆ ತಿಳಿಯುವಷ್ಟು. ಅದನ್ನು ಅವನು ನೋಡಿರಲಿಲ್ಲವೇ? ಮನಸ್ಸಿಗೆ ಗೊತ್ತಿರಲಿಲ್ಲ, ನಿಜ, ಆಣೆ ಮಾಡಿ ಹೇಳಬಲ್ಲ. ಕಣ್ಣಿಗೆ ಗೊತ್ತಿದ್ದಿರಬೇಕು. ನಾಲ್ಕೋ ಐದೋ ಎಂದು ಅನುಮಾನವಾದಾಗಲೆಲ್ಲ ಹೊಳೆಯುವ ಎಲೆಗೆ ನಾಲ್ಕು, ಮಂಕಾದ ಎಲೆಗೆ ಐದು ಬರೆಸಿದ್ದಿರಬೇಕು. ತನ್ನ ಕಣ್ಣು ತನ್ನ ಬೆನ್ನ ಹಿಂದೆ ಇಂಥ ಕೆಲಸ ಮಾಡಿದ್ದರೆ ಅದಕ್ಕೆ ಯಾರನ್ನು ಕೇಳುವುದು? ಅವನಿಗೆ ನಾಚಿಕೆಯಾಯಿತು, ಸ್ನಾನದ ಮನೆಯಲ್ಲಿ ಇನ್ನೊಬ್ಬರ ಕಣ್ಣಿಗೆ ಬಿದ್ದವನ ನಾಚಿಕೆ.

ಅಕ್ಕನ ನೆನಪಾದದ್ದು ಆಮೇಲೆ. ಅದು ಆಮೇಲೆ ಆಯಿತು ಎಂಬುದನ್ನು ಅವನು ದಿನವಿಡೀ ಮರೆಯಲಿಲ್ಲ. ಮೊದಲು ತನ್ನ ಅಂಕಗಳು, ತನ್ನ ಮಾನ, ಮೇಡಂ ಮುಖ. ಆಮೇಲೆ ಅಕ್ಕ.

ಅಕ್ಕನ ಹೊಲ ಬಸ್ಸಿನಲ್ಲಿ ಅರ್ಧ ದಿನದ ದಾರಿ. ನಾಲೆಯ ನೀರು ಅಲ್ಲಿ ಸರದಿಯ ಮೇಲೆ ಬರುತ್ತದೆ. ಇಂಥ ದಿನ ಇಂಥವರ ಗೇಟು, ಬೆಳಿಗ್ಗೆ ಎತ್ತಿದರೆ ಸಂಜೆ ಕತ್ತಲಾಗುವವರೆಗೆ, ಆಮೇಲೆ ಮುಂದಿನವರದು. ಅಕ್ಕನ ಗೋಧಿ ಈಗ ಹಾಲುಗಾಳಿನಲ್ಲಿದೆ, ಹಿಸುಕಿದರೆ ಇನ್ನೂ ಹಾಲು ಬರುವ ಎಳೆ ಕಾಳು. ಈ ಸರದಿ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಕಾಳು ತುಂಬಿದ್ದರೆ ತುಂಬಿತು, ಇಲ್ಲವಾದರೆ ಜೊಳ್ಳು. ಅಕ್ಕನ ಸರದಿ ಇವತ್ತು. ನಿನ್ನೆ ಸಂಜೆ ಅವಳೇ ಫೋನು ಮಾಡಿದ್ದಳು. "ಎದುರು ಹೊಲದವಳು ಬಂದು ಕೂತಿದಾಳೆ ಕಣೋ. ಹೋದ ಸರದೀಲಿ ಅವಳ ಗೇಟು ಕೆಟ್ಟು ನೀರೇ ಹೋಗ್ಲಿಲ್ಲ. ನಮ್ಮದು ಹೇಗೂ ನಿನ್ನ ಔಷಧಿ ಕುಡಿದು ಗಟ್ಟಿಯಾಗಿದೆ. ಈ ಸಲದ ನೀರು ಅವಳಿಗೇ ಕೊಡ್ಲಾ?" ಅವನು ಆಗ ಷರ್ಟಿಗೆ ಇಸ್ತ್ರಿ ಮಾಡುತ್ತಿದ್ದ, ಇವತ್ತಿನ ಅತಿಥಿಗಳಿಗಾಗಿ. "ಕೊಡಕ್ಕ," ಎಂದಿದ್ದ. "ಏನೂ ಆಗಲ್ಲ."

ಏನೂ ಆಗಲ್ಲ! ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬಾರದ ಮಾತು. ಸಂಸ್ಥೆಯಲ್ಲಿ ಅವನಿಗೆ 'ಬಹುಶಃ ಸಾರ್' ಎಂದು ಅಡ್ಡಹೆಸರಿದೆ ಎಂಬುದು ಅವನಿಗೂ ಗೊತ್ತು. ಕ್ಯಾಂಟೀನಿನವನು ಕೂಡ "ಸಾರ್, ಟೀನಾ? ಬಹುಶಃ ಕಾಫೀನಾ?" ಎಂದು ಕಾಲೆಳೆಯುತ್ತಾನೆ. ಆದರೆ ಬಿತ್ತನೆ ಮುಗಿದು ಪೈರು ಮೊಣಕಾಲುದ್ದ ಬಂದಾಗ ಅಕ್ಕನ ಮನೆಗೆ ಹೋಗಿದ್ದನಲ್ಲ, ಅಂದು ಊಟಕ್ಕೆ ಕೂತಾಗ ಭಾವ, "ಏನಪ್ಪಾ ವಿಜ್ಞಾನಿ, ಇಷ್ಟು ವರ್ಷ ಗೋಧಿ ಓದಿದ್ದೀಯ, ನಿನ್ನ ಓದಿನಿಂದ ನಿಮ್ಮಕ್ಕನ ಹೊಲದಲ್ಲಿ ಒಂದು ತೆನೆ ಜಾಸ್ತಿ ಬಂತಾ?" ಎಂದು ನಕ್ಕಿದ್ದ. ಭಾವ ಕೆಟ್ಟವನಲ್ಲ, ಸಾಗಾಣಿಕೆ ಆಫೀಸಿನಲ್ಲಿ ದಿನವಿಡೀ ಪಾರ್ಸೆಲ್ಲುಗಳಿಗೆ ಚೀಟಿ ಅಂಟಿಸಿ ಬೇಸತ್ತು ಊಟದ ಹೊತ್ತಿಗೆ ಯಾರನ್ನಾದರೂ ಚುಚ್ಚಬೇಕು, ಅಷ್ಟೆ. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ್ದಳು. ಆ ಸೌಟು ಭಾವನ ಮಾತಿಗಿಂತ ಹೆಚ್ಚು ನೋಯಿಸಿತು. ಮುಂದಿನ ವಾರವೇ ಪ್ರಯೋಗಶಾಲೆಯಲ್ಲಿ ಉಳಿದಿದ್ದ ಕಾಪನ್ನು, ಹಾಗೆ ಒಯ್ಯಬಾರದೆಂದು ಗೊತ್ತಿದ್ದೂ, ಕ್ಯಾನಿಗೆ ತುಂಬಿಕೊಂಡು ಬಸ್ಸು ಹತ್ತಿದ್ದ. ಬೆನ್ನಿಗೆ ಪಂಪು ಕಟ್ಟಿಕೊಂಡು ತಾನೇ ಸಿಂಪಡಿಸಿದ್ದ. ಬದುವಿನ ಮೇಲೆ ನಿಂತಿದ್ದ ಭಾವನಿಗೆ ಕೇಳುವಂತೆ ಗಟ್ಟಿಯಾಗಿ, "ಇನ್ನು ಒಂದು ನೀರು ತಪ್ಪಿದರೂ ತಡೆದುಕೊಳ್ಳುತ್ತೆ" ಎಂದಿದ್ದ. ಹೇಳಿದಾಗ ಮೈಯೆಲ್ಲ ಹಗುರವಾಗಿತ್ತು. ಅಕ್ಕ ಅಂದು ಅವನನ್ನು ನೋಡಿದ ನೋಟದಲ್ಲಿ ಹೆಮ್ಮೆ ಇತ್ತು, ಅವನಿಗೆ ಚೆನ್ನಾಗಿ ನೆನಪಿದೆ, ಅದು ಸಂಜೆಯವರೆಗೂ ಅವನನ್ನು ಬೆಚ್ಚಗಿಟ್ಟಿತ್ತು.

ಬದುವಿನ ಮೇಲಿಂದ ಎದ್ದು ಫೋನು ಮಾಡಿದ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಅಕ್ಕ ಹೊಲಕ್ಕೆ ಹೋಗುವಾಗ ಫೋನನ್ನು ಮನೆಯಲ್ಲೇ ಬಿಡುತ್ತಾಳೆ, ಕೆಸರಿಗೆ ಬಿದ್ದೀತೆಂದು. ಅದು ಅವನಿಗೆ ಗೊತ್ತಿತ್ತು. ಯಾರೂ ಎತ್ತಲಿಲ್ಲ ಎಂದಾಗ ಒಳಗೆ ಏನೋ ಸಡಿಲಾದಂತಾಗಿ, ಅದು ನೆಮ್ಮದಿ ಎಂದು ಗುರುತು ಹಿಡಿದವನೇ ಅಸಹ್ಯಪಟ್ಟುಕೊಂಡ. ಮತ್ತೆ ಮಾಡಬೇಕಿತ್ತು. ಮಾಡದೆ, ಮೊದಲು ಮೇಡಂಗೆ ಹೇಳುತ್ತೇನೆ, ಅಲ್ಲಿ ಇತ್ಯರ್ಥವಾದರೆ ಅಕ್ಕನಿಗೆ ಹೇಳುವುದು ಸುಲಭ ಎಂದು ತನಗೆ ತಾನೇ ಹೇಳಿಕೊಂಡು ಕಟ್ಟಡದ ಕಡೆ ನಡೆದ. ಒದ್ದೆ ಪ್ಯಾಂಟು ತೊಡೆಗೆ ಅಂಟಿ ನಡಿಗೆ ವಿಚಿತ್ರವಾಗಿತ್ತು. ಇಬ್ಬನಿ ಆಗಲೇ ಆರತೊಡಗಿತ್ತು, ಇನ್ನು ಸ್ವಲ್ಪ ಹೊತ್ತಿಗೆ ತೋರಿಸುತ್ತೇನೆ ಬನ್ನಿ ಎಂದರೂ ತೋರಿಸಲು ಏನೂ ಇರುವುದಿಲ್ಲ.

ಮೇಡಂ ಕೋಣೆಯಲ್ಲಿ ಇಬ್ಬರು ಏಣಿ ಹತ್ತಿ ಬ್ಯಾನರು ಕಟ್ಟುತ್ತಿದ್ದರು. ಅದರ ಮೇಲೆ ದೊಡ್ಡ ಗೋಧಿ ತೆನೆ, ಕೆಳಗೆ 'ಕಾಪು' ಎಂದು ಹಸಿರಲ್ಲಿ. ಎಡಕ್ಕೆ ಸ್ವಲ್ಪ, ಅಷ್ಟಲ್ಲ, ಹ್ಞಾಂ, ಎಂದು ಮೇಡಂ ಕೈಸನ್ನೆ ಮಾಡುತ್ತಿದ್ದರು. ಸಂಸ್ಥೆಯ ನಿರ್ದೇಶಕಿಯಾಗಿ ಅವರಿಗೆ ಇದು ಕೊನೆಯ ವರ್ಷ. ಅವನು ಬಾಗಿಲಲ್ಲೇ ನಿಂತು, ಅಂಟಿನ ವಿಷಯ ಹೇಳಿದ. ಹೇಳುವಾಗ ಕೊನೆಯಿಂದ ಮೊದಲಿಗೆ ಹೋಗಿ, ಮೊದಲಿಂದ ನಡುವಿಗೆ ಬಂದು, ಇಬ್ಬನಿ, ಮೇಣ, ನಲ್ಲಿ, ತನ್ನ ಕಣ್ಣು ಎಂದೆಲ್ಲ ತೊದಲಿದ. ಏಣಿಯ ಮೇಲಿದ್ದವನು ಕೆಳಗೆ ನೋಡಿದ.

"ಕೂತ್ಕೊಳ್ಳಿ," ಎಂದರು ಮೇಡಂ. ಅವನು ಒದ್ದೆ ಪ್ಯಾಂಟಿನ ನೆನಪಾಗಿ ಕೂರಲಿಲ್ಲ. "ಹೋದ ವರ್ಷ ತಕ್ಕಡಿ ಸರಿಯಿಲ್ಲ ಅಂದ್ರಿ. ತಜ್ಞರನ್ನ ಕರೆಸಿ ನೋಡಿಸಿದ್ವಿ. ಸರಿಯಾಗೇ ಇತ್ತು. ಅದರ ಹಿಂದಿನ ವರ್ಷ ಬೀಜ ಬೆರಕೆಯಾಗಿದೆ ಅಂದ್ರಿ. ಆಗಿರಲಿಲ್ಲ. ಅಲ್ವಾ?"

"ಹೌದು ಮೇಡಂ. ಆದ್ರೆ ಈ ಸಲ..."

"ಈ ಸಲಾನೂ ಅದೇ. ನೋಡಿ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಇಷ್ಟು ಅನುಮಾನ ಪಡೋದ್ರಿಂದಲೇ ನಿಮ್ಮ ಅಂಕಗಳ ಮೇಲೆ ನನಗೆ ನಂಬಿಕೆ." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಅವರ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು. "ಅಂಟು ಹಾಕಿದ್ರೂ ಹಾಕದಿದ್ರೂ ಎಲೆ ಹಸಿರಾಗಿದೆ ತಾನೆ? ಮುಂದಿನ ವರ್ಷ ಎರಡಕ್ಕೂ ಅಂಟು ಹಾಕಿ ಮಾಡೋಣ. ಈಗ ಹೋಗಿ ಬಟ್ಟೆ ಬದಲಾಯಿಸಿ."

ಬದಲಾಯಿಸಲು ಬೇರೆ ಪ್ಯಾಂಟಿರಲಿಲ್ಲ. ಉಪಕರಣ ತೊಳೆಯುವ ಕೋಣೆಗೆ ಹೋಗಿ ಬಿಸಿಗಾಳಿಯ ಒಲೆಯ ಮುಂದೆ ನಿಂತ. ಎಲೆಗಳನ್ನು ಒಣಗಿಸುವ ಒಲೆ ಅದು, ಬಾಗಿಲು ತೆರೆದರೆ ಹುಲ್ಲಿನ ಬೆಚ್ಚನೆ ವಾಸನೆ. ಅಲ್ಲಿಂದ ಹೆಂಡತಿಗೆ ಫೋನು ಮಾಡಿದ. ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಾಳೆ. ಗಿರಾಕಿ ಇಲ್ಲದ ಹೊತ್ತಾದ್ದರಿಂದ ಎತ್ತಿದಳು. ಅವಳಿಗೂ ಎಲ್ಲ ಹೇಳಿದ, ಈ ಸಲ ಸ್ವಲ್ಪ ಕ್ರಮವಾಗಿ.

"ಕಣ್ಣು ಹಾಗೇ ರೀ," ಎಂದಳು. "ದಿನಾ ನೋಡ್ತೀನಲ್ಲ. ಒಂದೇ ಗಾಜನ್ನ ಎರಡು ಸಲ ಹಾಕಿ, ಇದು ಚೆನ್ನಾಗಿದೆಯಾ ಅದಾ ಅಂತ ಕೇಳಿದ್ರೆ, ಎರಡನೇದು ಅಂತಾರೆ. ಎರಡೂ ಒಂದೇ ಅನ್ನೋಕೆ ಜನಕ್ಕೆ ನಾಚಿಕೆ. ನೀವೇನು ಬೇಕೂಂತ ಮಾಡಿದ್ದಲ್ಲ." ಆಮೇಲೆ, "ಅಕ್ಕಂಗೆ ಹೇಳಿದ್ರಾ?" ಎಂದಳು.

"ಫೋನ್ ಎತ್ತಲಿಲ್ಲ."

"ಎಷ್ಟು ಸಲ ಮಾಡಿದ್ರಿ?"

ಅವನು ಒಲೆಯ ಬಾಗಿಲು ಮುಚ್ಚಿದ.

"ನನಗೆ ಯಾಕೆ ಹೇಳ್ತಿದೀರಿ ಇದನ್ನೆಲ್ಲ? ನಾನೇನು ಗೇಟು ತಿರುಗಿಸ್ತೀನಾ? ಮೊದಲು ಅಕ್ಕಂಗೆ ಮಾಡಿ," ಎಂದು ಇಟ್ಟುಬಿಟ್ಟಳು.

ಮಾಡಿದ. ಈ ಸಲ ಎತ್ತಿದರು, ಎತ್ತಿದ್ದು ಭಾವ. ಕಾಲು ಉಳುಕಿ ಆಫೀಸಿಗೆ ರಜೆ ಹಾಕಿ ಮಂಚದ ಮೇಲೆ ಬಿದ್ದುಕೊಂಡಿದ್ದನಂತೆ. ಬೆಳಿಗ್ಗೆ ಫೋನಿನ ಸದ್ದು ಕೇಳಿತ್ತು, ಎದ್ದು ಬರುವಷ್ಟರಲ್ಲಿ ನಿಂತಿತು ಎಂದ. "ನಿಮ್ಮಕ್ಕ ಹೊಲದಲ್ಲಿದಾಳೆ. ಗೇಟು ಎದುರು ಹೊಲದ ಕಡೆ ತಿರುಗಿಸಬೇಕು ಅಂತ ಹೋದಳು. ಇನ್ನೂ ತಿರುಗಿಸಿದಾಳೋ ಇಲ್ವೋ, ನಾಲೆಗೆ ನೀರು ಬರೋದು ಇವತ್ತು ತಡವಂತೆ. ಏನ್ ಸಮಾಚಾರ? ದೊಡ್ಡೋರೆಲ್ಲ ಬರ್ತಾರಂತೆ ನಿನ್ನ ಔಷಧಿ ನೋಡೋಕೆ?"

ಇಷ್ಟೇ ಸಾಕಿತ್ತು. ಭಾವ, ಯಾರನ್ನಾದರೂ ಓಡಿಸಿ, ಗೇಟು ತಿರುಗಿಸಬೇಡ ಎಂದು ಹೇಳಿಸಿ. ವಾಕ್ಯ ಪೂರ್ತಿ ಸಿದ್ಧವಾಗಿ ನಾಲಿಗೆಯ ಮೇಲಿತ್ತು. ಪಕ್ಕದ ಮನೆಯ ಯಾರನ್ನು ಕಳಿಸಿದರೂ ಆಗುತ್ತಿತ್ತು. ಆದರೆ ಭಾವ ಅತ್ತಲಿಂದ, "ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿದೀನಪ್ಪ, ನನ್ನ ಹೆಂಡತಿ ತಮ್ಮ ಕಂಡುಹಿಡಿದದ್ದು ಅಂತ. ಹಿಂದೆ ನಾನು ನಿನ್ನ ಗೇಲಿ ಮಾಡ್ತಿದ್ದೆ, ಅದನ್ನ ಮನಸ್ಸಲ್ಲಿ ಇಟ್ಕೋಬೇಡ," ಎಂದ. ತಮಾಷೆಯ ದನಿಯಲ್ಲ, ನಿಜವಾದ ಸಂಕೋಚದ ದನಿ. ಇಪ್ಪತ್ತು ವರ್ಷಗಳಲ್ಲಿ ಭಾವ ಅವನ ಹತ್ತಿರ ಹೀಗೆ ಮಾತಾಡಿದ್ದೇ ಇಲ್ಲ. ನಾಲಿಗೆಯ ಮೇಲಿದ್ದ ವಾಕ್ಯ ಎಲ್ಲಿ ಹೋಯಿತೋ. "ಏನಿಲ್ಲ ಭಾವ," ಎಂದ ಅವನು, "ಅಕ್ಕ ಬಂದ ಮೇಲೆ ಫೋನ್ ಮಾಡೋಕೆ ಹೇಳಿ." ಫೋನಿಟ್ಟ ಮೇಲೆ ಒಲೆಯ ಗಾಜಿನಲ್ಲಿ ತನ್ನ ಮುಖ ಕಂಡಿತು. ಕೆನ್ನೆ ಸಣ್ಣಗೆ ನಗುತ್ತಿತ್ತು, ಭಾವನ ಮಾತಿಗೆ ಉಬ್ಬಿದ ನಗು, ಅದು ಇನ್ನೂ ಇಳಿದಿರಲಿಲ್ಲ. ತನ್ನ ಮುಖಕ್ಕೆ ತಾನೇ ಉಗಿಯಬೇಕೆನಿಸಿತು. ಮತ್ತೆ ಫೋನು ಮಾಡಲು ಕೈ ಹೋಯಿತು, ಬೆರಳು ಗುಂಡಿಯ ಮೇಲೆಯೇ ನಿಂತಿತು. ಈಗ ಮಾಡಿದರೆ, ಆಗಲೇ ಯಾಕೆ ಹೇಳಲಿಲ್ಲ ಎಂದು ಭಾವ ಕೇಳುತ್ತಾನೆ. ಅದಕ್ಕೆ ಉತ್ತರ ಹುಡುಕುತ್ತಿದ್ದಾಗಲೇ ಯಾರೋ ಬಾಗಿಲಲ್ಲಿ ತಲೆ ಹಾಕಿ, ಅತಿಥಿಗಳು ಬಂದರು, ಮೇಡಂ ಕರೆಯುತ್ತಿದ್ದಾರೆ ಎಂದರು.

ಅತಿಥಿಗಳು ಹೊಲದಲ್ಲಿ ಕೊಡೆ ಹಿಡಿದು ನಿಂತಿದ್ದರು. ಸುತ್ತಲಿನ ಬೆಳೆಗಾರರನ್ನೂ ಕರೆಸಿದ್ದರು, ಅವರು ಕೊಡೆಯಿಲ್ಲದೆ ಹಿಂದುಗಡೆ ಗುಂಪಾಗಿದ್ದರು. ನಡುಹಗಲಿನ ಬಿಸಿಲಿಗೆ ಎಲ್ಲ ಪಾತಿಗಳ ಎಲೆಗಳೂ ಸುತ್ತಿಕೊಂಡಿದ್ದವು, ಕೆಲವು ಹೆಚ್ಚು, ಕೆಲವು ಕಡಿಮೆ. ಯಾವುದು ಯಾವುದೆಂದು ಈಗ ಅವನಿಗೆ ಗೊತ್ತಿದ್ದರಿಂದ ಅವನಿಗೆ ಏನೂ ಕಾಣಲಿಲ್ಲ. ಔಷಧದ್ದನ್ನು ನೋಡಿದರೆ ಮೋಸದಿಂದ ಹಸಿರಾಗಿರುವಂತೆ, ಇನ್ನೊಂದನ್ನು ನೋಡಿದರೆ ಅನ್ಯಾಯವಾಗಿ ಬಾಡಿದಂತೆ. ಗಿಡವನ್ನು ಗಿಡವಾಗಿ ನೋಡುವ ಶಕ್ತಿಯೇ ಹೋಗಿಬಿಟ್ಟಿತ್ತು. ಮೇಡಂ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಅವರಿಗೆ ಈ ಕೆಲಸದ ಮೇಲೆ ನಿಜವಾದ ಪ್ರೀತಿಯಿತ್ತು, ಬಾಡುವ ಪೈರನ್ನು ಉಳಿಸಬೇಕೆಂದು ಇಡೀ ಆಯುಷ್ಯ ಸವೆಸಿದವರು. ಈ ಹಂಗಾಮಿನಿಂದಲೇ ಬೇಕಾದವರಿಗೆ ಕಾಪು ಹಂಚುತ್ತೇವೆ ಎಂದರು. ಗುಂಪಿನಲ್ಲಿದ್ದ ಒಬ್ಬ ಹೆಂಗಸು, ತಲೆಗೆ ಬಟ್ಟೆ ಕಟ್ಟಿಕೊಂಡವಳು, "ಇದು ಹಾಕಿದ್ರೆ ಒಂದು ನೀರು ತಪ್ಪಿಸಬಹುದಾ?" ಎಂದು ಕೇಳಿದಳು. ಮೇಡಂ ನಗುತ್ತ ಅವನ ಕಡೆ ತಿರುಗಿ, "ಇವರನ್ನೇ ಕೇಳಿ. ಒಂದೊಂದು ಎಲೆಯನ್ನೂ ನೋಡಿದವರು ಇವರು," ಎಂದರು.

ಎಲ್ಲರೂ ಅವನತ್ತ ನೋಡಿದರು. "ಗೊತ್ತಿಲ್ಲ," ಎಂದ ಅವನು. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನನಗೆ ಗೊತ್ತಿಲ್ಲ. ಪ್ರಯೋಗದಲ್ಲಿ ನನ್ನಿಂದ ತಪ್ಪಾಗಿದೆ. ಒಂದಕ್ಕೆ ಅಂಟು ಹಾಕಿದೆ, ಇನ್ನೊಂದಕ್ಕೆ ಹಾಕಲಿಲ್ಲ. ಅಂಕ ಕೊಟ್ಟ ನನ್ನ ಕಣ್ಣನ್ನೂ ನಂಬಬೇಡಿ. ನೀರು ತಪ್ಪಿಸಬೇಡಿ. ಈ ವರ್ಷ ಯಾರೂ ನೀರು ತಪ್ಪಿಸಬೇಡಿ."

ಗಾಳಿಗೆ ಕೊಡೆಯೊಂದು ಪಟಪಟ ಅಂದಿತು. ಅವನಿಗೆ ಒಳಗೆ ತಂಪಾಗಿತ್ತು, ಬೆಳಗಿನಿಂದ ಮೊದಲ ಬಾರಿಗೆ ಉಸಿರು ಪೂರ್ತಿ ಒಳಗೆ ಹೋಯಿತು. ಮೇಡಂ ಅವನ ಹೆಗಲ ಮೇಲೆ ಕೈಯಿಟ್ಟು ಅತಿಥಿಗಳಿಗೆ ಹೇಳಿದರು: "ನೋಡಿದ್ರಾ? ಇದು ನಮ್ಮ ಸಂಸ್ಥೆಯ ಶಿಸ್ತು. ಗೆದ್ದ ದಿನವೂ ಇವರಿಗೆ ಸಮಾಧಾನ ಇಲ್ಲ. ಇವರನ್ನ ನಾವು ಪ್ರೀತಿಯಿಂದ ಬಹುಶಃ ಸಾರ್ ಅಂತ ಕರೀತೀವಿ." ಅತಿಥಿಗಳು ನಕ್ಕರು, ಒಬ್ಬರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅವನ ಹೆಗಲ ಮೇಲಿದ್ದ ಬೆರಳುಗಳು ಮಾತ್ರ ನೋಯುವಷ್ಟು ಬಿಗಿಯಾಗಿದ್ದವು. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ನಗಲಿಲ್ಲ. ಅವಳು ಪಕ್ಕದವಳಿಗೆ, "ಏನಂದ್ರು? ತಪ್ಪಿಸಬಹುದಂತಾ?" ಎಂದು ಕೇಳಿದಳು. "ತಪ್ಪಿಸಬಹುದಂತೆ ಕಣೆ. ಇವರು ದೊಡ್ಡವರು, ಜಂಬ ಇಲ್ಲ ನೋಡು," ಎಂದಳು ಪಕ್ಕದವಳು. ಅವನು ಅವರ ಕಡೆ ಹೋಗಬೇಕೆಂದು ಹೆಜ್ಜೆಯಿಟ್ಟ. ಅಷ್ಟರಲ್ಲಿ ಫೋಟೋಕ್ಕೆಂದು ಯಾರೋ ಅವನ ತೋಳು ಹಿಡಿದು ಹೊಲದಂಚಿನಲ್ಲಿ ಕಟ್ಟಿದ್ದ ಇನ್ನೊಂದು ಬ್ಯಾನರಿನ ಮುಂದಕ್ಕೆ ಎಳೆದೊಯ್ದರು. ಫೋಟೋ ಮುಗಿಯುವ ಹೊತ್ತಿಗೆ ಬೆಳೆಗಾರರ ಗುಂಪು ಟೀ ಕೊಡುವ ಕಡೆ ಹೋಗಿಯಾಗಿತ್ತು. ಅಲ್ಲಿಗೂ ಹೋಗಿ ಹುಡುಕಿದ. ತಲೆಗೆ ಬಟ್ಟೆ ಕಟ್ಟಿದವರು ಬಹಳ ಮಂದಿ ಇದ್ದರು. ಯಾರೋ ಅವನ ಕೈಗೂ ಒಂದು ಲೋಟ ಟೀ ಕೊಟ್ಟರು, ಕುಡಿದ.

ಅಕ್ಕನ ಫೋನು ಬಂದದ್ದು ಸಂಜೆ, ಅವನು ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ. ಬಿಸಿಲು ಇನ್ನೂ ಪೂರ್ತಿ ಹೋಗಿರಲಿಲ್ಲ. ಮನೆಗೆ ಬಂದವಳು, ಭಾವ ಹೇಳಿದನೆಂದು ಫೋನು ತೆಗೆದುಕೊಂಡೇ ಮತ್ತೆ ಹೊಲಕ್ಕೆ ಹೋಗಿದ್ದಳಂತೆ. "ಏನೋ, ಎರಡು ಸಲ ಮಾಡಿದ್ಯಂತೆ? ಹುಷಾರಾಗಿದ್ದೀಯಾ?"

ಅವನು ಹೇಳಿದ. ದಿನವಿಡೀ ಹೇಳಿ ಹೇಳಿ ಮಾತು ಸವೆದು ನೇರವಾಗಿತ್ತು. ಅಕ್ಕ, ನಾನು ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಔಷಧಿ ಕೆಲಸ ಮಾಡದೇ ಇರಬಹುದು. ನಿನ್ನ ಗೋಧಿಗೆ ಇವತ್ತಿನ ನೀರು ಬೇಕು. ಗೇಟು ವಾಪಸ್ ತಿರುಗಿಸು. ಬಸ್ಸೊಂದು ಬಂದು ನಿಂತು, ಅವನನ್ನು ಬಿಟ್ಟು ಉಳಿದವರನ್ನು ಹತ್ತಿಸಿಕೊಂಡು ಹೋಯಿತು.

ಅತ್ತ ಅಕ್ಕ ನಕ್ಕಳು. ಅವನು ಬಾಲ್ಯದಿಂದ ಕೇಳಿದ ನಗು, ಅವನ ತಲೆ ಸವರುವಾಗ ನಗುವ ನಗು. "ಲೋ, ನಿನಗೆ ಚಿಕ್ಕಂದಿಂದ ಇದೇ ರೋಗ. ಪರೀಕ್ಷೆ ಬರೆದು ಬಂದು ಫೇಲಾಗ್ತೀನಿ ಅಂತ ಊಟ ಬಿಡ್ತಿದ್ದೆ. ಅಪ್ಪ ಹೆದರಿ ಮೇಷ್ಟ್ರ ಮನೆಗೆ ಹೋಗಿ ಕೇಳಿದ್ರೆ, ಅವನೇ ಕ್ಲಾಸಿಗೆ ಮೊದಲನೆಯವನು ಅಂದ್ರಂತೆ. ಮರೆತೋಯ್ತಾ?"

"ಅಕ್ಕ, ಇದು ಹಾಗಲ್ಲ. ಈ ಸಲ ನಿಜವಾಗಿ ತಪ್ಪಾಗಿದೆ."

"ಆಗಲೂ ಹೀಗೇ ಅಂತಿದ್ದೆ."

"ಆಣೆ ಮಾಡ್ತೀನಿ."

"ಆಣೆನೂ ಮಾಡ್ತಿದ್ದೆ," ಎಂದಳು ಅಕ್ಕ, ಮತ್ತೆ ನಕ್ಕಳು. ನಗು ನಿಂತ ಮೇಲೆ ದನಿ ತಗ್ಗಿಸಿದಳು, ಪಕ್ಕದಲ್ಲಿ ಯಾರೋ ಇದ್ದರು ಎಂದು ತೋರುತ್ತದೆ. "ಮತ್ತೆ, ಕೊಟ್ಟಿದ್ದನ್ನ ಹೇಗೋ ವಾಪಸ್ ತಗೊಳ್ಳೋದು? ಮಧ್ಯಾಹ್ನದವರೆಗೂ ನೀರೇ ಬರ್ಲಿಲ್ಲ. ಈ ಎದುರಿನವಳು ಅಳೋ ಹಾಗಾಗಿದ್ಲು. ಈಗ ಅವಳ ಮುಖ ನೋಡಬೇಕು ನೀನು. ಮಧ್ಯಾಹ್ನ ಗೇಟು ತಿರುಗಿಸಿದ್ದು, ಈಗ ಹೊಲ ಅರ್ಧ ತುಂಬಿದೆ. ನೀನು ಅವತ್ತು ಧೈರ್ಯ ಹೇಳಿದ್ದಕ್ಕೆ ತಾನೆ ನನಗೆ ಇದು ಕೊಡೋಕಾಗಿದ್ದು? ಇದು ನಿನ್ನ ಕೈಯಿಂದ ಆಗಿದ್ದು ಅಂತಿದೀನಿ ಅವಳಿಗೆ."

ಮಧ್ಯಾಹ್ನ. ಭಾವನ ಜೊತೆ ಮಾತಾಡಿದ ಮೇಲೆ. ಅವನು ಗೋಡೆಗೆ ಒರಗಿದ. ಅದನ್ನೂ ಹೇಳಬೇಕಿತ್ತು, ಬೆಳಿಗ್ಗೆಯೇ ಗೊತ್ತಿತ್ತು ಅಕ್ಕ, ಭಾವನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಬಾಯಿ ತೆರೆದ. ಆದರೆ ಅಕ್ಕ ಅವನ ಮೌನವನ್ನು ತನಗೆ ಬೇಕಾದ ಹಾಗೆ ತಿಳಿದುಕೊಂಡು, ಸಮಾಧಾನ ಮಾಡುವ ದನಿಯಲ್ಲಿ, "ಬರೀ ಯೋಚನೆ ಮಾಡಿ ಮಾಡಿ ಸೊರಗ್ತೀಯ. ತಾಳು, ಒಂದು ನಿಮಿಷ ಏನೂ ಮಾತಾಡ್ಬೇಡ. ಕೇಳು," ಎಂದಳು.

ಅವಳು ಬಗ್ಗಿ ಫೋನನ್ನು ನಾಲೆಯ ಹತ್ತಿರ ಹಿಡಿದಿರಬೇಕು. ಮೊದಲು ಬಳೆಯ ಸದ್ದು, ಆಮೇಲೆ ಗೇಟಿನ ಕೆಳಗಿಂದ ನುಗ್ಗುವ ನೀರಿನ ಸದ್ದು. ಗಳಗಳನೆ, ಒಂದೇ ಸಮನೆ, ಎಲ್ಲೂ ತಡೆಯಿಲ್ಲದೆ ಎದುರು ಹೊಲಕ್ಕೆ ಹೋಗುತ್ತಿತ್ತು.

"ಕೇಳಿಸ್ತಾ?" ದೂರದಿಂದ ಅಕ್ಕ ಕೂಗಿದಳು.

"ಕೇಳಿಸ್ತಿದೆ," ಎಂದ ಅವನು.

ಅವಳಿಗೆ ಅದು ಕೇಳಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.